ಪ್ಯಾಡ್ ಕ್ರಪಾವ್ ನೀರು ಬಿಟ್ಟುಕೊಳ್ಳುತ್ತಿದೆ, ಘಮವೂ ಬರುತ್ತಿಲ್ಲ. ಎಲ್ಲಿ ತಪ್ಪಾಗಿದೆ?

ಹೊಸಬಾಣಲೆ:
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಬ್ಯಾಂಕಾಕ್‌ನಲ್ಲಿ ರಸ್ತೆ ಬದಿಯ ಅಂಗಡಿಯೊಂದರಲ್ಲಿ ಪ್ಯಾಡ್ ಕ್ರಪಾವ್ ಅನ್ನುವ ಥಾಯ್ ಅಡುಗೆ ತಿಂದಿದ್ದೆ. ಬಿಸಿ ಅನ್ನ, ಪಕ್ಕದಲ್ಲಿ ಖಾರದ ಚಿಕನ್ ಕೈಮಾ, ಮೇಲೆ ಅಂಚು ಗರಿಗರಿಯಾದ ಮೊಟ್ಟೆ. ಮನೆಯಲ್ಲಿ ಮೂರು ಸಲ ಮಾಡಿದೆ, ಮೂರು ಸಲವೂ ಕೆಟ್ಟಿತು. ಅರ್ಧ ಕೆಜಿ ಕೈಮಾ ನಾನ್‌ಸ್ಟಿಕ್ ಪ್ಯಾನ್‌ಗೆ ಹಾಕುತ್ತೇನೆ, ನೀರು ಬಿಟ್ಟು ಸಾರಿನ ಥರ ಆಗುತ್ತದೆ. ಬೆಳ್ಳುಳ್ಳಿ ಕಹಿ. ಸೂಪರ್‌ಮಾರ್ಕೆಟ್‌ನ ಬೇಸಿಲ್ ಹಾಕಿದರೆ ಪಾಸ್ತಾ ವಾಸನೆ ಬರುತ್ತದೆ.

ಸೂಜಿಮೆಣಸು:
ನಾನು ಬ್ಯಾಂಕಾಕ್‌ನಲ್ಲಿ ನಾಲ್ಕು ವರ್ಷ ಇದ್ದೆ, ಈ ಅಡುಗೆ ವಾರಕ್ಕೆ ಎರಡು ಸಲವಾದರೂ ತಿನ್ನುತ್ತಿದ್ದೆ. ಮೊದಲು ಎಲೆ ವಿಷಯ. ಕ್ರಪಾವ್ ಅಂದರೆ ತುಳಸಿ. ಹೌದು, ನಮ್ಮ ತುಳಸಿಯ ಜಾತಿಯೇ! ಪ್ಯಾಡ್ ಅಂದರೆ ಬಾಣಲೆಯಲ್ಲಿ ಹುರಿದದ್ದು. ನೀವು ತಂದ ಬೇಸಿಲ್ ಕಾಮಕಸ್ತೂರಿ ಜಾತಿಯದು. ಅಲ್ಲೂ ಆ ಜಾತಿಯ ಎಲೆ ಇದೆ, ಹೊರಪಾ ಅಂತಾರೆ, ಸೋಂಪಿನ ಘಮ. ಅದು ಗ್ರೀನ್ ಕರಿಗೆ ಹೋಗುತ್ತದೆ, ಇದಕ್ಕಲ್ಲ.

ಇನ್ನು ನೀರು. ಮನೆ ಒಲೆಗೆ ಅರ್ಧ ಕೆಜಿ ಬಹಳ ಜಾಸ್ತಿ. ತಣ್ಣಗಿನ ಮಾಂಸ ಅಷ್ಟು ಬಿದ್ದ ಕೂಡಲೇ ಪ್ಯಾನ್ ಆರಿಹೋಗುತ್ತದೆ, ಹುರಿಯುವ ಬದಲು ಬೇಯುತ್ತದೆ. 250 ಗ್ರಾಂ ಸಾಕು. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಜರಡಿಯಲ್ಲಿ ಇಳಿಯಲು ಬಿಡಿ. ಕಬ್ಬಿಣದ ಬಾಣಲೆ ಇದ್ದರೆ ಅದೇ ಒಳ್ಳೆಯದು, ನಾನ್‌ಸ್ಟಿಕ್ ಅನ್ನು ಅಷ್ಟು ಕಾಯಿಸಬಾರದು. ಮುಚ್ಚಳ ಬೇಡ. ಕೈಮಾ ಹರಡಿ ಒಂದು ನಿಮಿಷ ಸುಮ್ನೆ ಬಿಡಿ, ಆಮೇಲೆ ಬಿಡಿಸಿ.

ಕಿವಿ ಬಾಣಲೆ ಕಡೆ ಇರಲಿ. ಚರ್ ಅನ್ನುತ್ತಿದ್ದರೆ ಹುರಿಯುತ್ತಿದೆ. ಗುಳುಗುಳು ಅಂದರೆ ನೀರು ಬಿಟ್ಟಿದೆ ಅಂತ ಅರ್ಥ. ಆಗ ಗಾಬರಿಯಾಗಿ ಸಾಸ್ ಸುರಿಯಬೇಡಿ. ಉರಿ ಜೋರಾಗಿಯೇ ಇಟ್ಟು ಕಾಯಿರಿ. ನೀರು ಆರಿ, ಅಂಚಿನಲ್ಲಿ ಎಣ್ಣೆ ಕಂಡು, ಮತ್ತೆ ಚರ್ ಶುರುವಾದ ಮೇಲೆ ಸಾಸ್.

ಬೆಳ್ಳುಳ್ಳಿ ಐದಾರು ಎಸಳು, ಸೂಜಿ ಮೆಣಸು ಆರೇಳು ಒಟ್ಟಿಗೆ ಕುಟ್ಟಾಣಿಯಲ್ಲಿ ತರಿತರಿಯಾಗಿ ಜಜ್ಜಿ. ಮಿಕ್ಸಿ ಬೇಡ, ನೀರು ನೀರಾಗಿ ಸಿಡಿಯುತ್ತದೆ. ಮಧ್ಯಮ ಉರಿಯಲ್ಲಿ ಎಣ್ಣೆಗೆ ಹಾಕಿ, ಘಮ ಬಂದ ತಕ್ಷಣ, ಬಣ್ಣ ತಿರುಗುವ ಮೊದಲೇ, ಕೈಮಾ ಹಾಕಿ ಉರಿ ಜೋರು ಮಾಡಿ. ನಿಮ್ಮದು ಕಹಿಯಾಗಿರುವುದು ಕೆಂಪಾಗುವ ತನಕ ಕಾದಿದ್ದಕ್ಕೆ.

ಸಾಸ್ ಮೊದಲೇ ಬಟ್ಟಲಲ್ಲಿ ಕಲಸಿಡಿ: ಆಯ್ಸ್ಟರ್ ಸಾಸ್ 1 ಟೇಬಲ್ ಚಮಚ, ಫಿಶ್ ಸಾಸ್ 2 ಟೀ ಚಮಚ, ಸೋಯಾ ಸಾಸ್ 1 ಟೀ ಚಮಚ, ಸಕ್ಕರೆ 1 ಟೀ ಚಮಚ. ಉಪ್ಪು ಬೇಡವೇ ಬೇಡ. ಒಲೆ ಆರಿಸಿ, ಒಂದು ಹಿಡಿ ತುಳಸಿ ಹಾಕಿ, ಎರಡು ಸಲ ತಿರುವಿ ಇಳಿಸಿ.

ಹೊಸಬಾಣಲೆ:
ತುಂಬಾ ಥ್ಯಾಂಕ್ಸ್ ಸರ್. ಆದರೆ ಕಟ್ಟೆಯ ತುಳಸಿ ಕೀಳಲು ಅಮ್ಮ ಒಪ್ಪುವುದಿಲ್ಲ. ಅದರಲ್ಲೂ ಮಾಂಸಕ್ಕೆ.

ಸೂಜಿಮೆಣಸು:
ಅಮ್ಮ ಹೇಳಿದ್ದು ಸರಿ, ಅದನ್ನು ಮುಟ್ಟಬೇಡಿ. ಬೇರೆ ಕುಂಡದಲ್ಲಿ ಅಡುಗೆಗೆ ಅಂತಲೇ ಬೀಜ ಹಾಕಿ. ಕದಿರು ಬರುವ ಮೊದಲು ಎಳೆ ಕುಡಿ ಚಿವುಟಿ. ನಮ್ಮ ತುಳಸಿಗೆ ಲವಂಗದ ಘಾಟು ಜಾಸ್ತಿ, ಹಾಗಾಗಿ ಮೊದಲ ಸಲ ಅರ್ಧ ಹಿಡಿ ಹಾಕಿ ನೋಡಿ.

ಬೆಂಡೆಕಾಯಿ:
ನಾವು ಸಸ್ಯಾಹಾರಿಗಳು. ತೋಫು ಹಿಂಡಿ, ಪುಡಿ ಮಾಡಿ ಇದೇ ಕ್ರಮದಲ್ಲಿ ಹುರಿಯುತ್ತೇನೆ. ಫಿಶ್ ಸಾಸ್ ಬದಲು ಸೋಯಾ, ಆಯ್ಸ್ಟರ್ ಬದಲು ಅಣಬೆ ಸಾಸ್. ಚೆನ್ನಾಗಿಯೇ ಬರುತ್ತದೆ.

ಹೊಸಬಾಣಲೆ:
ಆರು ವಾರ ಆಯ್ತು. ಕುಂಡದ ತುಳಸಿ ಗೇಣುದ್ದ ಬೆಳೆದಿದೆ. ನಿನ್ನೆ 250 ಗ್ರಾಂನಲ್ಲಿ ಮಾಡಿದೆ. ನಡುವೆ ಗುಳುಗುಳು ಅಂತು, ಕಾದೆ, ಮತ್ತೆ ಚರ್ ಅಂತು! ಅದೇ ರುಚಿ. ಮೊಟ್ಟೆ ಅಂಚು ಮಾತ್ರ ಮೆತ್ತಗೇ ಉಳಿಯಿತು.

ಸೂಜಿಮೆಣಸು:
ಎಣ್ಣೆ ಕಮ್ಮಿಯಾಗಿದೆ. ಚಿಕ್ಕ ಬಾಣಲೆಗೆ ನಾಲ್ಕು ಟೇಬಲ್ ಚಮಚ ಹಾಕಿ, ಚೆನ್ನಾಗಿ ಕಾಯಿಸಿ, ಮೊಟ್ಟೆ ಒಡೆದು ಬಿಡಿ. ಬಿಸಿ ಎಣ್ಣೆಯನ್ನೇ ಚಮಚದಲ್ಲಿ ಬಿಳಿ ಭಾಗದ ಮೇಲೆ ಹುಯ್ಯುತ್ತಾ ಇರಿ.