ಅಪ್‌ಡೇಟ್: ಟಿವಿಯಲ್ಲಿ ಲ್ಯಾಪ್‌ಟಾಪ್ ಅಕ್ಷರಗಳ ಮಸುಕು ಹೋಯಿತು

ತುಮಕೂರಿನ ನಮ್ಮ ಮನೆಯ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿದರೆ ಅಕ್ಷರಗಳು ಮಸುಕಾಗಿ, ಅಂಚುಗಳು ಕತ್ತರಿಸಿದಂತೆ ಕಾಣುತ್ತವೆ, ಏನು ಮಾಡಲಿ ಎಂದು ಕೇಳಿದ್ದೆ. ಸಮಸ್ಯೆ ಬಗೆಹರಿಯಿತು.

ಬಿ.ಎಚ್. ರಸ್ತೆಯ ಅಂಗಡಿಯಿಂದ ದುಬಾರಿ ಎಚ್‌ಡಿಎಂಐ ಕೇಬಲ್ ತಂದು ಹಾಕಿದರೂ ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ. ಆ ಕೇಬಲ್‌ನಲ್ಲಿ ಹರಿಯುವುದು ಡಿಜಿಟಲ್ ಸಂಕೇತ. ಕೇಬಲ್ ಕೆಟ್ಟರೆ ಚಿತ್ರದಲ್ಲಿ ಚುಕ್ಕೆಗಳು ಬರುತ್ತವೆ ಅಥವಾ ಚಿತ್ರವೇ ಹೋಗುತ್ತದೆ, ಮಸುಕಾಗುವುದಿಲ್ಲ. ರೆಸಲ್ಯೂಷನ್ (ಚಿತ್ರದ ಚುಕ್ಕೆಗಳ ಸಂಖ್ಯೆ) ಮೊದಲೇ 1920×1080 ಇತ್ತು, ಹಾಗಾಗಿ ತೊಂದರೆ ಅಲ್ಲೂ ಇರಲಿಲ್ಲ.

ಫಲ ಕೊಟ್ಟದ್ದು ಓವರ್‌ಸ್ಕ್ಯಾನ್ (ಟಿವಿ ತಾನಾಗಿ ಚಿತ್ರವನ್ನು ಹಿಗ್ಗಿಸುವುದು) ನಿಲ್ಲಿಸಿ ಎಂದವರ ಸಲಹೆ. ಅವರಿಗೆ ತುಂಬಾ ಧನ್ಯವಾದ. ಟಿವಿಯ ಸೆಟ್ಟಿಂಗ್‌ನಲ್ಲಿ ಚಿತ್ರದ ಅಳತೆಯನ್ನು 16:9ರಿಂದ ‘ಜಸ್ಟ್ ಸ್ಕ್ಯಾನ್’ಗೆ ಬದಲಿಸಿದ ಕೂಡಲೇ ಮೂಲೆಯಲ್ಲಿ ಅರ್ಧ ಮರೆಯಾಗಿದ್ದ ಗಡಿಯಾರ ಪೂರ್ತಿ ಕಂಡಿತು. ಪಿಕ್ಚರ್ ಟ್ಯೂಬ್ ಕಾಲದ ಪದ್ಧತಿಯಂತೆ ಟಿವಿ ಅಂಚು ಕತ್ತರಿಸಿ, ಉಳಿದ ಚಿತ್ರವನ್ನು ಹಿಗ್ಗಿಸುತ್ತಿತ್ತು. ಮಸುಕಿಗೂ ಅದೇ ಕಾರಣ. ಕೆಲವು ಟಿವಿಗಳಲ್ಲಿ ಇದೇ ಆಯ್ಕೆ ‘ಸ್ಕ್ರೀನ್ ಫಿಟ್’ ಅಥವಾ ‘ಫುಲ್ ಪಿಕ್ಸೆಲ್’ ಎಂದಿರುತ್ತದೆ.

ನನಗೆ ಅಚ್ಚರಿ ತಂದದ್ದು ಇನ್ನೊಂದು. ಟಿವಿಯಲ್ಲಿ ಲ್ಯಾಪ್‌ಟಾಪ್ ಜೋಡಿಸಿದ ಇನ್‌ಪುಟ್‌ನ ಹೆಸರನ್ನು ‘ಪಿಸಿ’ ಎಂದು ಬದಲಿಸಿದಾಗ ನೀಲಿ ಹಿನ್ನೆಲೆಯ ಕೆಂಪು ಅಕ್ಷರಗಳೂ ಚೊಕ್ಕಟವಾದವು. ಅದುವರೆಗೆ ಟಿವಿ ಬಣ್ಣದ ವಿವರವನ್ನು ತಗ್ಗಿಸಿ ತೋರಿಸುತ್ತಿತ್ತು. ಶಾರ್ಪ್‌ನೆಸ್ (ಅಂಚುಗಳನ್ನು ಎದ್ದು ಕಾಣಿಸುವ ಆಯ್ಕೆ) ಸೊನ್ನೆಗೆ ಇಳಿಸಿದ ಮೇಲೆ ‘ಕ್ಷ್ಮಿ’, ‘ಸ್ತ್ರೀ’ಯಂಥ ಒತ್ತಕ್ಷರಗಳ ಸುತ್ತಲಿನ ಬಿಳಿ ಗೆರೆಯೂ ಹೋಯಿತು.