ಕುತ್ತಿಗೆಯ ಗಂಟಿನಲ್ಲಿ ಕ್ಯಾನ್ಸರ್ ಕಂಡಿದೆ, ಮೂಲ ಸಿಕ್ಕಿಲ್ಲ: ಮುಂದಿನ ಪರೀಕ್ಷೆಗಳ ಕ್ರಮ ಹೇಗಿರಬೇಕು?

ಪ್ರಶ್ನೆ

58 ವರ್ಷದ ನಮ್ಮ ತಂದೆಯವರ ದವಡೆಯ ಕೆಳಗೆ, ಎಡಬದಿಯಲ್ಲಿ, ನೋವಿಲ್ಲದ ಗಟ್ಟಿ ಗಂಟೊಂದು ಕಾಣಿಸಿಕೊಂಡಿತು. ಆಂಟಿಬಯೋಟಿಕ್ ಮುಗಿಸಿದರೂ ಅದು ಕರಗಲಿಲ್ಲ. ಸೂಜಿ ಪರೀಕ್ಷೆಯಲ್ಲಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮ (ಬಾಯಿ, ಗಂಟಲಿನಂಥ ಕಡೆಯ ಒಳಪದರದ ಚಪ್ಪಟೆ ಕೋಶಗಳ ಕ್ಯಾನ್ಸರ್) ಎಂದೂ, ಬೇರೆಡೆಯಿಂದ ಹರಡಿದ್ದು ಎಂದೂ ಬಂದಿದೆ. ಬಾಯಲ್ಲಿ ಹುಣ್ಣಿಲ್ಲ, ನುಂಗಲು ತೊಂದರೆಯಿಲ್ಲ. ಒಬ್ಬ ಶಸ್ತ್ರಚಿಕಿತ್ಸಕರು ಗಂಟನ್ನು ಮೊದಲು ತೆಗೆದುಬಿಡೋಣ ಎನ್ನುತ್ತಾರೆ. ಇನ್ನೊಬ್ಬರು ಅದನ್ನು ಮುಟ್ಟದೆ ಗಂಟಲನ್ನು ಪರೀಕ್ಷಿಸಬೇಕು ಎನ್ನುತ್ತಾರೆ. ತಡವಾದರೆ ರೋಗ ಬೆಳೆಯುತ್ತದೆಂಬ ಭಯ ನಮಗಿದೆ. ದಯವಿಟ್ಟು ತಿಳಿಸಿ.

ಉತ್ತರ 1: ಕಿವಿ, ಮೂಗು, ಗಂಟಲು ತಜ್ಞೆ

ಎರಡನೆಯವರ ಸಲಹೆಯೇ ಸರಿ. ಗಂಟನ್ನಷ್ಟೇ ಮೊದಲು ಕತ್ತರಿಸಿ ತೆಗೆದರೆ ಮೂಲ ಹಾಗೆಯೇ ಉಳಿಯುತ್ತದೆ, ಜೊತೆಗೆ ಅಲ್ಲಿ ಉಂಟಾಗುವ ಗಾಯದ ಕಲೆಯಿಂದ ಮುಂದಿನ ಶಸ್ತ್ರಚಿಕಿತ್ಸೆಯೂ ಕಷ್ಟವಾಗುತ್ತದೆ. ಟಾನ್ಸಿಲ್‌ನ ಸಂದುಗಳಲ್ಲಿ, ನಾಲಿಗೆಯ ಬುಡದಲ್ಲಿ, ಮೂಗಿನ ಹಿಂದಿನ ಗಂಟಲಿನಲ್ಲಿ ಹುಟ್ಟುವ ಗೆಡ್ಡೆ ತೀರಾ ಚಿಕ್ಕದಾಗಿರುವಾಗಲೇ ಕುತ್ತಿಗೆಯ ಗ್ರಂಥಿಗೆ ಹರಡಬಲ್ಲದು. ಆದ್ದರಿಂದ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದರೆ ಸಾಲದು. ಮೂಗಿನ ಮೂಲಕ ಎಂಡೋಸ್ಕೋಪ್ ಇಳಿಸಿ ನೋಡಬೇಕು, ನಾಲಿಗೆಯ ಬುಡವನ್ನೂ ಟಾನ್ಸಿಲ್‌ಗಳನ್ನೂ ಬೆರಳಿನಿಂದ ಒತ್ತಿ ನೋಡಬೇಕು. ಅನಂತರ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ಔಷಧಿ) ಸಹಿತ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್. ಅದರಲ್ಲೂ ಮೂಲ ಕಾಣದಿದ್ದರೆ ಪೆಟ್-ಸಿಟಿ, ಅಂದರೆ ಕ್ಯಾನ್ಸರ್ ಇರುವ ಜಾಗ ಹೊಳೆದು ಕಾಣುವ ಸ್ಕ್ಯಾನ್. ಪೆಟ್-ಸಿಟಿಯನ್ನು ಬಯಾಪ್ಸಿಗಿಂತ ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಆಗತಾನೇ ಆದ ಗಾಯವೂ ಸ್ಕ್ಯಾನಿನಲ್ಲಿ ಹೊಳೆದು ದಾರಿ ತಪ್ಪಿಸುತ್ತದೆ. ಆಮೇಲೆ ಅರಿವಳಿಕೆ ಕೊಟ್ಟು ಸಂಶಯವಿರುವ ಜಾಗಗಳಿಂದ ಬಯಾಪ್ಸಿ ತೆಗೆಯುತ್ತಾರೆ. ಆಗಲೂ ಮೂಲ ತಿಳಿಯದಿದ್ದರೆ ಟಾನ್ಸಿಲ್ಲನ್ನೇ ಪೂರ್ತಿ ತೆಗೆದು ಪರೀಕ್ಷಿಸುವುದುಂಟು. ಇಷ್ಟಕ್ಕೆ ಹಿಡಿಯುವ ಕಾಲ ವ್ಯರ್ಥವಲ್ಲ, ಆದರೆ ಎಲ್ಲವನ್ನೂ ಬೇಗ ಬೇಗ ಮುಗಿಸಿಕೊಳ್ಳಿ.

ಉತ್ತರ 2: ಪೆಥಾಲಜಿ ವೈದ್ಯ

ಆ ಸೂಜಿ ಪರೀಕ್ಷೆಯ ಸ್ಲೈಡುಗಳನ್ನೂ, ಸೆಲ್ ಬ್ಲಾಕ್ (ಸೂಜಿಯಲ್ಲಿ ಬಂದ ಕೋಶಗಳನ್ನು ಮೇಣದಲ್ಲಿ ಕೂರಿಸಿದ ತುಣುಕು) ಇದ್ದರೆ ಅದನ್ನೂ ಜೋಪಾನವಾಗಿ ಪಡೆದುಕೊಳ್ಳಿ. ಅದರ ಮೇಲೆಯೇ ಪಿ16 ಎಂಬ ಪ್ರೋಟೀನಿನ ಪರೀಕ್ಷೆ ಮಾಡಬಹುದು. ಪಿ16 ಪಾಸಿಟಿವ್ ಬಂದರೆ ಎಚ್‌ಪಿವಿ ವೈರಸ್ಸಿನಿಂದ ಬಂದ ಟಾನ್ಸಿಲ್ ಅಥವಾ ನಾಲಿಗೆಬುಡದ ಕ್ಯಾನ್ಸರ್ ಇರುವ ಸಾಧ್ಯತೆ ಹೆಚ್ಚು. ಕ್ಯಾನ್ಸರಿನ ಹಂತಗಳನ್ನು ಗೊತ್ತುಪಡಿಸುವ ಅಮೆರಿಕದ ಸಮಿತಿ ಎಜೆಸಿಸಿಯ ಕೈಪಿಡಿಯ 2017ರ 8ನೆಯ ಆವೃತ್ತಿ ಇಂತಹವಕ್ಕೆ ಪ್ರತ್ಯೇಕ ಹಂತ-ನಿರ್ಣಯವನ್ನೇ ಕೊಟ್ಟಿದೆ, ಏಕೆಂದರೆ ತಂಬಾಕಿನಿಂದ ಬರುವ ಕ್ಯಾನ್ಸರಿಗಿಂತ ಇವು ಚಿಕಿತ್ಸೆಗೆ ಚೆನ್ನಾಗಿ ಮಣಿಯುತ್ತವೆ. ನಮ್ಮ ದೇಶದಲ್ಲಿ ತಂಬಾಕಿನವೇ ಹೆಚ್ಚಾದ್ದರಿಂದ, ನಿಮ್ಮ ತಂದೆಯವರು ಬೀಡಿ ಸೇದುತ್ತಿದ್ದರೆ ಅಥವಾ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರೆ ಮುಚ್ಚಿಡದೆ ಹೇಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಅವರಿಗೆ ಬೀಡಿ, ಹೊಗೆಸೊಪ್ಪು ಯಾವುದೂ ಇಲ್ಲ. ಕೆಲವು ತಿಂಗಳಿಂದ ಎಡಗಿವಿ ಕಟ್ಟಿದಂತಿದೆ ಎನ್ನುತ್ತಿದ್ದರು. ಗುಗ್ಗೆ ಇರಬಹುದೆಂದು ನಾವು ಯಾರಿಗೂ ಹೇಳಿರಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ 3: ಕಿವಿ, ಮೂಗು, ಗಂಟಲು ತಜ್ಞೆ

ಇರಬಹುದು, ಇದು ಬಹಳ ಮುಖ್ಯವಾದ ವಿಷಯ. ವಯಸ್ಕರಲ್ಲಿ ಒಂದೇ ಕಿವಿಯೊಳಗೆ ನೀರು ತುಂಬಿಕೊಂಡು ಹೋಗದೇ ಉಳಿದರೆ, ಕಿವಿಯ ನಾಳ ತೆರೆದುಕೊಳ್ಳುವ ಮೂಗಿನ ಹಿಂಭಾಗವನ್ನು ನೋಡಲೇಬೇಕು. ಎಂಡೋಸ್ಕೋಪಿ ಮಾಡುವವರಿಗೆ ಇದನ್ನು ಮೊದಲೇ ಹೇಳಿ. ಗೆಡ್ಡೆ ಅಲ್ಲಿದ್ದರೆ ತಲೆಬುರುಡೆಯ ತಳದವರೆಗೆ ಎಂಆರ್‌ಐ ಬೇಕಾಗುತ್ತದೆ, ಪಿ16 ಜೊತೆಗೆ, ಅಲ್ಲಿನ ಕ್ಯಾನ್ಸರಿನೊಂದಿಗೆ ನಂಟಿರುವ ಎಪ್‌ಸ್ಟೀನ್-ಬಾರ್ ವೈರಸ್ಸಿನ ಪರೀಕ್ಷೆಯನ್ನೂ ಕೇಳಿ. ಅಲ್ಲಿನ ಕ್ಯಾನ್ಸರಿಗೆ ರೇಡಿಯೇಷನ್ನೇ ಮುಖ್ಯ ಚಿಕಿತ್ಸೆ, ಹರಡಿದ್ದರೆ ಕೀಮೋಥೆರಪಿಯೂ ಸೇರುತ್ತದೆ. ಈ ಚಿಕಿತ್ಸೆಗಳಿಂದ ಕಿವಿಗೂ ಹಲ್ಲು, ದವಡೆಗೂ ತೊಂದರೆಯಾಗಬಹುದಾದ್ದರಿಂದ ಶ್ರವಣ ಪರೀಕ್ಷೆಯನ್ನೂ ಹಲ್ಲಿನ ತಪಾಸಣೆಯನ್ನೂ ಮುಂಚೆಯೇ ಮಾಡಿಸಿ. ಕೀಳಬೇಕಾದ ಹಲ್ಲಿದ್ದರೆ ರೇಡಿಯೇಷನ್ನಿಗೆ ಮೊದಲೇ ಕೀಳಿಸಿ, ಗಾಯ ಮಾಯಲು ಸಮಯ ಸಿಗಲಿ.