ಹಳೆಯ ಪಿಕಪ್: ರಾತ್ರಿ ಮೀಟರ್ ಲೈಟ್ ಉರಿಯುತ್ತಿಲ್ಲ

ಪ್ರಶ್ನೆ (ಉಡುಪಿ)

ಎಲ್ಲರಿಗೂ ನಮಸ್ಕಾರ. ನಮ್ಮದು 2007ರ ಡೀಸೆಲ್ ಪಿಕಪ್. ಮಲ್ಪೆ ಬಂದರಿನಿಂದ ಮೀನಿನ ಕ್ರೇಟ್ ಹೇರಿಕೊಂಡು ಬೆಳಗಿನ ಜಾವ ಮಂಗಳೂರಿಗೆ ಹೋಗುತ್ತದೆ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ ಅಲ್ವಾ, ಆಗ ಮನೆ ಪಕ್ಕದ ಶೀಟಿನ ಕೆಳಗೆ ನಿಂತಿತ್ತು. ಆಗಸ್ಟಿನಲ್ಲಿ ತೆಗೆದಾಗಿನಿಂದ ಮೀಟರ್ ಬೋರ್ಡಿನ ಲೈಟ್ ಬರುತ್ತಿಲ್ಲ. ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್ ಎಲ್ಲ ಸರಿ ಇದೆ. ಕೀ ತಿರುಗಿಸಿದರೆ ಬ್ಯಾಟರಿ ಲೈಟ್, ಆಯಿಲ್ ಲೈಟ್ ಕೂಡ ಬರುತ್ತದೆ. ಆದರೆ ಕತ್ತಲಲ್ಲಿ ಸ್ಪೀಡು, ಡೀಸೆಲ್, ಟೆಂಪರೇಚರ್ ಮುಳ್ಳು ಒಂದೂ ಕಾಣುವುದಿಲ್ಲ. ಗ್ಯಾರೇಜಿನಲ್ಲಿ ಕೇಳಿದರೆ ಮೀಟರ್ ಸೆಟ್ಟನ್ನೇ ಬದಲಾಯಿಸಿ ಅಂದರು. ಅದು ನಿಜಕ್ಕೂ ಬೇಕಾ? ಎಲ್ಲಿಂದ ನೋಡಿಕೊಂಡು ಬರಬೇಕು, ತಿಳಿದವರು ಹೇಳಿ.

ಉತ್ತರ (ಮಂಗಳೂರು)

ಮೀಟರ್‌ಗೆ ಈಗಲೇ ಕೈ ಹಾಕಬೇಡಿ ಮಾರಾಯ್ರೆ. ಮೊದಲು ಪಾರ್ಕ್ ಲೈಟ್ ಹಾಕಿ, ಇಳಿದು ಗಾಡಿಯ ಹಿಂದೆ ಹೋಗಿ. ಟೇಲ್ ಲ್ಯಾಂಪ್ ಎರಡೂ ಉರಿಯುತ್ತಿದೆಯಾ? ನಂಬರ್ ಪ್ಲೇಟಿನ ಲೈಟ್?

ಯಾಕೆ ಕೇಳುತ್ತಿದ್ದೇನೆ ಅಂದರೆ, ಮುಳ್ಳುಗಳಿಗೆ ಬೆಳಕು ಕೊಡುವ ಬಲ್ಬುಗಳಿಗೆ ಕರೆಂಟ್ ಬರುವುದು ಸಾಮಾನ್ಯವಾಗಿ ಪಾರ್ಕ್ ಲೈಟಿನ ಲೈನಿನಿಂದ. ಟೇಲ್ ಲ್ಯಾಂಪಿಗೂ ಅದೇ ಫ್ಯೂಸ್. ಹೆಡ್‌ಲೈಟಿಗೆ ಬೇರೆ ಫ್ಯೂಸ್ ಇರುತ್ತದೆ. ಹಾಗಾಗಿ ಮುಂದೆ ಬೆಳಕು ಚೆನ್ನಾಗಿಯೇ ಇರುತ್ತದೆ, ಹಿಂದೆ ಪೂರ್ತಿ ಕತ್ತಲೆ. ಡ್ರೈವರಿಗೆ ಗೊತ್ತೇ ಆಗುವುದಿಲ್ಲ. ಬ್ರೇಕ್ ಲೈಟ್ ಬೇರೆ ಲೈನು, ಅದು ಬರುತ್ತದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಪಡುಬಿದ್ರಿ, ಮೂಲ್ಕಿ ಕಡೆ ಜೋರು ಮಳೆಯಲ್ಲಿ, ಬೆಳಗಿನ ಜಾವ, ಹೆದ್ದಾರಿ 66ರಲ್ಲಿ ಹಿಂದಿನಿಂದ ಬರುವ ಲಾರಿಯವನಿಗೆ ನಿಮ್ಮ ಗಾಡಿ ಕಾಣಬೇಕಲ್ವಾ? ಮೀಟರ್ ಕಾಣದಿದ್ದರೆ ಹೇಗೋ ಓಡಿಸಬಹುದು. ಟೇಲ್ ಲ್ಯಾಂಪ್ ಇಲ್ಲದೆ ದಯವಿಟ್ಟು ರಾತ್ರಿ ಹೊರಡಬೇಡಿ.

ಕೆಲವು ಗಾಡಿಗಳಲ್ಲಿ ಎಡ, ಬಲ ಪಾರ್ಕ್ ಲೈಟಿಗೆ ಬೇರೆ ಬೇರೆ ಫ್ಯೂಸ್ ಇರುತ್ತದೆ. ಮೀಟರ್ ಲೈಟ್ ಅದರಲ್ಲಿ ಒಂದಕ್ಕೆ ಸೇರಿರುತ್ತದೆ. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಚಿತ್ರ ಇದ್ದರೆ ನೋಡಿ. ಮುಳ್ಳಿನ ಲೈಟು ಎಷ್ಟು ಬೇಕೋ ಅಷ್ಟು ತಿರುಗಿಸುವ ಚಕ್ರ ಡ್ಯಾಶ್‌ಬೋರ್ಡಿನಲ್ಲಿ ಇದ್ದರೆ ಅದನ್ನೂ ಆಚೆ ಈಚೆ ತಿರುಗಿಸಿ ನೋಡಿ. ನಿಂತ ಗಾಡಿಯಲ್ಲಿ ಅದರೊಳಗೂ ಕಿಲುಬು ಹಿಡಿಯುತ್ತದೆ.

ಉತ್ತರ (ಕುಂದಾಪುರ)

ಮಳೆಗಾಲದಲ್ಲಿ ನಿಂತ ಗಾಡಿ ಅಂದರೆ ಇಲಿಯನ್ನೂ ಮರೆಯಬೇಡಿ. ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಾಕಿ. ಹಿಕ್ಕೆ, ಹರಿದ ಬಟ್ಟೆ ಚೂರು ಕಂಡರೆ ವಯರ್ ಕಡಿದಿದೆಯಾ ನೋಡಿ.

ಪ್ರಶ್ನೆ ಕೇಳಿದವರು

ಅಣ್ಣ, ನೀವು ಹೇಳಿದ್ದೇ ಸರಿ. ಹಿಂದೆ ಎರಡೂ ಟೇಲ್ ಲ್ಯಾಂಪ್ ಇಲ್ಲ. ನೋಡಿ ನಿಜಕ್ಕೂ ಹೆದರಿಕೆ ಆಯಿತು. ಫ್ಯೂಸ್ ಸುಟ್ಟಿದೆ. ಹೊಸದು ಹಾಕಿದೆ, ಪಾರ್ಕ್ ಲೈಟ್ ಸ್ವಿಚ್ ಒತ್ತಿದ ಕೂಡಲೇ ಅದೂ ಹೋಯಿತು. ಇಲಿಯ ಗುರುತು ಎಲ್ಲೂ ಇಲ್ಲ. ಪಕ್ಕದ ಅಂಗಡಿಯವರು ದೊಡ್ಡ ಫ್ಯೂಸ್ ಹಾಕಿ ನೋಡಿ ಅನ್ನುತ್ತಿದ್ದಾರೆ.

ಉತ್ತರ (ಮಂಗಳೂರು)

ದೊಡ್ಡ ಫ್ಯೂಸ್ ಖಂಡಿತ ಬೇಡ. ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತುವುದೂ ಬೇಡ. 10 ಆಂಪಿಯರಿನ ಕೆಂಪು ಫ್ಯೂಸ್ ಇರುವ ಜಾಗಕ್ಕೆ 20ರ ಹಳದಿ ಹಾಕಿದರೆ, ಫ್ಯೂಸ್ ಉಳಿಯುತ್ತದೆ, ವಯರ್ ಸುಡುತ್ತದೆ. ಡ್ಯಾಶ್‌ಬೋರ್ಡಿನ ಒಳಗೆ ಹೊಗೆ ಬಂದ ಮೇಲೆ ಮಾಡುವಂಥದ್ದು ಏನೂ ಉಳಿಯುವುದಿಲ್ಲ.

ಎಲ್ಲೋ ವಯರ್ ಗಾಡಿಯ ಲೋಹದ ಬಾಡಿಗೆ ತಾಗಿ ಶಾರ್ಟ್ ಆಗುತ್ತಿದೆ. ಹುಡುಕಲು ಫ್ಯೂಸ್ ಸುಡುತ್ತಾ ಕೂರಬೇಕಾಗಿಲ್ಲ. ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಒಂದಕ್ಕೆ ಎರಡು ವಯರ್ ಕಟ್ಟಿ, ಫ್ಯೂಸ್ ಇರುವ ಜಾಗದ ಎರಡು ಕಾಲಿಗೆ ಕೊಡಿ. ಪಾರ್ಕ್ ಲೈಟ್ ಹಾಕಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಪ್ರಕಾಶವಾಗಿ ಉರಿಯುತ್ತದೆ. ವಯರಿಗೆ ತೊಂದರೆ ಇಲ್ಲ, ಬಲ್ಬೇ ಕರೆಂಟನ್ನು ತಡೆದು ಹಿಡಿಯುತ್ತದೆ. ಈಗ ವಯರುಗಳನ್ನು ಜೋಡಿಸುವ ಕಪ್ಲರ್ ಒಂದೊಂದೇ ಬಿಡಿಸುತ್ತಾ ಹೋಗಿ. ಯಾವುದನ್ನು ಬಿಡಿಸಿದಾಗ ಬಲ್ಬ್ ಮಂಕಾಗುತ್ತದೋ, ತೊಂದರೆ ಅಲ್ಲಿಂದ ಆಚೆಗೆ, ಫ್ಯೂಸಿನಿಂದ ದೂರದ ಕಡೆಗೆ ಉಂಟು. ಪೂರ್ತಿ ಆರುವುದಿಲ್ಲ, ಯಾಕೆಂದರೆ ಉಳಿದ ಲೈಟುಗಳ ಮೂಲಕ ಸ್ವಲ್ಪ ಕರೆಂಟ್ ಹೋಗುತ್ತಲೇ ಇರುತ್ತದೆ.

ಮೀನಿನ ಗಾಡಿಯಾದ್ದರಿಂದ ಹಿಂದಿನಿಂದಲೇ ಶುರು ಮಾಡಿ. ಐಸ್ ಕರಗಿದ ಉಪ್ಪುನೀರು ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲಿ.

ಪ್ರಶ್ನೆ ಕೇಳಿದವರು

ಸಿಕ್ಕಿತು! ಹಿಂದಿನ ಎಡ ಟೇಲ್ ಲ್ಯಾಂಪಿನ ಕಪ್ಲರ್ ಬಿಡಿಸಿದರೂ ಬಲ್ಬ್ ಜೋರಾಗಿಯೇ ಇತ್ತು. ಚಾಸಿಸ್ ಮಧ್ಯದ ಕಪ್ಲರ್ ಬಿಡಿಸಿದಾಗ ಮಂಕಾಯಿತು. ಅವೆರಡರ ನಡುವೆ ವಯರ್ ಹಿಡಿದಿಡುವ ಕ್ಲಾಂಪ್ ಬಿಟ್ಟುಹೋಗಿ ವಯರ್ ಚಾಸಿಸ್ಸಿಗೆ ಉಜ್ಜಿ ಸಿಪ್ಪೆ ಎದ್ದಿತ್ತು. ಒಳಗಿನ ತಾಮ್ರ ಹಸಿರಾಗಿ ಪುಡಿ ಪುಡಿ. ಅಷ್ಟು ಭಾಗ ಕತ್ತರಿಸಿ ಹೊಸ ವಯರ್ ಸೇರಿಸಿದೆ. ಈಗ ಟೇಲ್ ಲ್ಯಾಂಪ್ ಎರಡೂ ಬಂತು, ಫ್ಯೂಸ್ ನಿಂತಿದೆ.

ಮೀಟರ್ ಲೈಟೂ ಬಂತು, ಆದರೆ ಮಂಕು. ಇಂಡಿಕೇಟರ್ ಹಾಕಿದರೆ ಅದರ ಜೊತೆಗೆ ಮೀಟರ್ ಲೈಟೂ ಮಿಣುಕುತ್ತದೆ. ಹೆಡ್‌ಲೈಟ್ ಹಾಕಿದರೆ ಡೀಸೆಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಸ್ವಲ್ಪ ಅಲುಗುತ್ತವೆ. ಇದೆಂತದು?

ಉತ್ತರ (ಮಂಗಳೂರು)

ತುಂಬಾ ಒಳ್ಳೆಯ ಕೆಲಸ ಮಾಡಿದಿರಿ. ಆ ಜಾಯಿಂಟಿಗೆ ಬರೀ ಟೇಪ್ ಸುತ್ತಿದ್ದರೆ ಬಿಚ್ಚಿ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಏರಿಸಿ. ಟೇಪಿನ ಒಳಗೆ ಉಪ್ಪುನೀರು ಹೊಕ್ಕರೆ ಹೊರಗೆ ಬರುವುದಿಲ್ಲ, ಅಲ್ಲೇ ಕೂತು ತಾಮ್ರ ತಿನ್ನುತ್ತದೆ. ಹೊಸ ಕ್ಲಾಂಪೂ ಹಾಕಿ.

ಈಗ ಹೇಳಿದ ಮೂರು ಲಕ್ಷಣವೂ ಅರ್ಥಿಂಗ್ ಕಡೆಗೆ ಬೆರಳು ತೋರಿಸುತ್ತವೆ. ಮೀಟರ್ ಬೋರ್ಡಿನ ಎಲ್ಲ ಬಲ್ಬು, ಮುಳ್ಳುಗಳ ಕರೆಂಟ್ ಒಂದೇ ಅರ್ಥ್ ವಯರಿನಿಂದ ವಾಪಸ್ ಹೋಗಬೇಕು. ಜಾತ್ರೆ ಮುಗಿದ ಮೇಲೆ ಎಲ್ಲರೂ ಒಂದೇ ಗೇಟಿನಿಂದ ಹೊರಗೆ ಹೋದ ಹಾಗೆ. ಗೇಟು ಅರ್ಧ ಮುಚ್ಚಿದ್ದರೆ ಜನ ಪಕ್ಕದ ಓಣಿ ಹುಡುಕುತ್ತಾರೆ. ಕರೆಂಟೂ ಅಷ್ಟೇ, ಇನ್ನೊಂದು ಬಲ್ಬಿನ ದಾರಿ ಹಿಡಿಯುತ್ತದೆ. ಆಗ ಸಂಬಂಧವೇ ಇಲ್ಲದ ಲೈಟು ಮಿಣುಕುತ್ತದೆ, ಮುಳ್ಳು ಸುಳ್ಳು ಹೇಳುತ್ತದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಎಲ್ಲ ಲೈಟ್ ಹಾಕಿ, ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಮೀಟರ್ ಬೋರ್ಡಿನ ಅರ್ಥ್ ವಯರಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ. 0.2 ವೋಲ್ಟ್ ಒಳಗೆ ಇದ್ದರೆ ಸರಿ. ಅರ್ಧ ವೋಲ್ಟ್ ದಾಟಿದರೆ ದಾರಿಯಲ್ಲಿ ಕಿಲುಬು ಉಂಟು ಅಂತಲೇ ತಿಳಿಯಿರಿ. ಲೈಟ್ ಆಫ್ ಮಾಡಿ ಅಳೆದರೆ ಪ್ರಯೋಜನ ಇಲ್ಲ, ಕರೆಂಟ್ ಹರಿಯದಿದ್ದರೆ ಕೆಟ್ಟ ಜಾಯಿಂಟೂ ಒಳ್ಳೆಯದರ ಹಾಗೇ ಕಾಣುತ್ತದೆ. ಮಲ್ಟಿಮೀಟರ್ ಇಲ್ಲದಿದ್ದರೆ ಬ್ಯಾಟರಿ ನೆಗೆಟಿವಿನಿಂದ ಉದ್ದದ ವಯರ್ ತಂದು ಆ ಅರ್ಥಿಗೆ ತಾಗಿಸಿ. ಲೈಟ್ ತಟ್ಟನೆ ಜೋರಾದರೆ ಉತ್ತರ ಸಿಕ್ಕಿತು.

ಮೀಟರ್ ಹೊರಗೆ ತೆಗೆಯುವುದಾದರೆ ಮೊದಲು ಬ್ಯಾಟರಿ ನೆಗೆಟಿವ್ ಬಿಡಿಸಿ. ಸ್ಪೀಡೋಮೀಟರ್ ಕೇಬಲ್ ಇರುವ ಗಾಡಿಯಾದರೆ ಹಿಂದೆ ಕೈ ಹಾಕಿ ಅದನ್ನು ಬಿಡಿಸಿ, ಆಮೇಲೆ ಎಳೆಯಿರಿ. ಹಿಂಬದಿಯಲ್ಲಿ ತೆಳುವಾದ ತಾಮ್ರದ ಗೆರೆಗಳ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಬಲ್ಬಿನ ಹೋಲ್ಡರ್ ತಾಗುವ ಜಾಗ ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲ ಉಜ್ಜಿ. ಪಾಲಿಶ್ ಪೇಪರ್ ಬೇಡ, ತಾಮ್ರವೇ ಎದ್ದು ಬರುತ್ತದೆ. ಹೋಲ್ಡರನ್ನು ಕಾಲು ಸುತ್ತು ತಿರುಗಿಸಿದರೆ ಬಲ್ಬ್ ಸಮೇತ ಹೊರಗೆ ಬರುತ್ತದೆ. ಹೊಸ ಬಲ್ಬ್ ಹಾಕುವುದಾದರೆ ಹಳೆಯದರ ಮೇಲೆ ಬರೆದಷ್ಟೇ ವ್ಯಾಟ್ ಹಾಕಿ. ಜಾಸ್ತಿ ಬೆಳಕಿನ ಆಸೆಗೆ 5 ವ್ಯಾಟಿನದು ತುರುಕಿದರೆ ಪ್ಲಾಸ್ಟಿಕ್ ಕರಗುತ್ತದೆ.

ಪ್ರಶ್ನೆ ಕೇಳಿದವರು

0.9 ವೋಲ್ಟ್ ತೋರಿಸಿತು ಅಣ್ಣ. ಡ್ಯಾಶ್‌ಬೋರ್ಡಿನ ಕೆಳಗೆ ಅರ್ಥ್ ವಯರಿನ ಬೋಲ್ಟ್ ಪೂರ್ತಿ ತುಕ್ಕು. ಬಿಚ್ಚಿ, ಬಾಡಿಯ ಪೇಂಟ್ ಕೆರೆದು, ವಯರಿನ ತುದಿಗೆ ಹೊಸ ಲಗ್ (ಲೋಹದ ಬಳೆ) ಹಾಕಿ ಬಿಗಿದೆ. ಈಗ 0.1. ಮುಳ್ಳು ಅಲುಗುವುದಿಲ್ಲ, ಲೈಟೂ ಚೆನ್ನಾಗಿ ಬಂತು. ಹೇಗೂ ಮೀಟರ್ ಬಿಚ್ಚಿದ್ದೇನೆ, ಎಲ್ಲದಕ್ಕೂ ಎಲ್‌ಇಡಿ ಹಾಕಿಬಿಡಲಾ?

ಉತ್ತರ (ಮಂಗಳೂರು)

ಮುಳ್ಳಿನ ಬೆಳಕಿಗೆ ಹಾಕಿ, ತೊಂದರೆ ಇಲ್ಲ. ಉರಿಯದಿದ್ದರೆ ತಿರುಗಿಸಿ ಹಾಕಿ, ಎಲ್‌ಇಡಿಗೆ ಪ್ಲಸ್ ಮೈನಸ್ ಉಂಟು. ಬ್ಯಾಟರಿ ಗುರುತಿನ ಬಲ್ಬನ್ನು ಮಾತ್ರ ಮುಟ್ಟಬೇಡಿ. ಹಳೆಯ ಗಾಡಿಗಳಲ್ಲಿ ಬ್ಯಾಟರಿಗೆ ಕರೆಂಟ್ ತುಂಬುವ ಆಲ್ಟರ್ನೇಟರ್ ಚಾರ್ಜ್ ಶುರು ಮಾಡಲು ಬೇಕಾದ ಮೊದಲ ಕರೆಂಟ್ ಆ ಬಲ್ಬಿನ ಮೂಲಕವೇ ಹೋಗುತ್ತದೆ. ಎಲ್‌ಇಡಿಯಲ್ಲಿ ಅಷ್ಟು ಕರೆಂಟ್ ಹರಿಯುವುದಿಲ್ಲ. ಆಮೇಲೆ ಇಂಜಿನ್ ಓಡುತ್ತಿದ್ದರೂ ಬ್ಯಾಟರಿ ಚಾರ್ಜ್ ಆಗದೆ ದಾರಿಯಲ್ಲಿ ನಿಲ್ಲಬೇಕಾಗುತ್ತದೆ. ಎಡ ಬಲ ಎರಡೂ ಇಂಡಿಕೇಟರಿಗೆ ಸೇರಿ ಒಂದೇ ಬಾಣದ ಲೈಟ್ ಇದ್ದರೆ ಅಲ್ಲಿಯೂ ಹಳೆಯ ಬಲ್ಬೇ ಇರಲಿ, ಯಾಕೆಂದರೆ ಅದರಲ್ಲಿ ಕರೆಂಟ್ ಎರಡೂ ದಿಕ್ಕಿಗೆ ಹರಿಯಬೇಕು.

ಮೀಟರ್ ಕೂರಿಸಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಬ್ಯಾಟರಿಯ ಮೇಲೆ ವೋಲ್ಟ್ ಅಳೆಯಿರಿ. 13.8ರಿಂದ 14.4ರ ಒಳಗೆ ಬರಬೇಕು. ಅರ್ಥ್ ಬೋಲ್ಟಿನ ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ. ಟೇಲ್ ಲ್ಯಾಂಪಿನ ಕಪ್ಲರಿಗೂ ಸವರಿ.